ಕೆಂದೋಳ ತನ್ನ ದನಿಯನ್ನು ಗಾಳಿಗೆ ಕೊಟ್ಟದ್ದು

ದೊಡ್ಡಪ್ಪ ಸೂರ್ಯ ಆಗಷ್ಟೇ ಮೀಸೆ ಚಿಗುರಿದ ಹುಡುಗ. ಚಿಕ್ಕಪ್ಪ ಸೂರ್ಯ ಇನ್ನೂ ಅಂಬೆಗಾಲಿಕ್ಕುತ್ತಿದ್ದ. ಮರಳಿನ ದಿಬ್ಬಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿಂದಿತ್ತ ಸರಿದಾಡುತ್ತಿದ್ದವು. ಲೋಕ ಅಷ್ಟು ಹೊಸದು.

ಆ ಕಾಲದ ಕತೆ ಇದು. ಬಾಯಿ ಮುಚ್ಚಿಕೊಂಡು ಕೇಳಿ ಮರಿಗಳಾ. ಈ ಕತೆಯನ್ನು ನನ್ನಷ್ಟು ಸರಿಯಾಗಿ ಹೇಳುವ ಗಂಡಸು ಈ ಮರಳಿನ ಮೇಲೆ ಇನ್ನೊಬ್ಬನಿಲ್ಲ. ದಿಬ್ಬದಾಚೆಯ ಊರಿನವರು ಏನೇನೋ ಹೇಳುತ್ತಾರೆ. ಕೆಂದೋಳಕ್ಕೆ, ಅದೇ ನಮ್ಮ ಮರಳಿನ ಕೆಂಪು ತೋಳಕ್ಕೆ, ಹುಟ್ಟಿನಿಂದಲೇ ನಾಲಗೆ ಇಲ್ಲ, ಅದಕ್ಕೇ ಅದು ಕೂಗುವುದಿಲ್ಲ ಅನ್ನುತ್ತಾರೆ. ಬಾಯಿ ತೆರೆದು ನೋಡಿದ್ದಾರೇನು ಅವರು? ನಾನು ನೋಡಿದ್ದೇನೆ. ಸತ್ತ ಕೆಂದೋಳದ ಬಾಯಿ, ಆಯಿತು, ಆದರೂ ಕೈ ಹಾಕಿ ನೋಡಿದ್ದೇನೆ. ನಾಲಗೆ ಇದೆ. ನನ್ನ ಅಂಗೈಯಷ್ಟು ಅಗಲವಾಗಿದೆ.

ನಾಲಗೆ ಇದೆ, ದನಿ ಇಲ್ಲ. ಕತೆ ಇರುವುದೇ ಅಲ್ಲಿ.

ಆಗ ಕೆಂದೋಳ ಹಿಂಡು ಕಟ್ಟುತ್ತಿರಲಿಲ್ಲ. ಒಂದೊಂದು ದಿಬ್ಬಕ್ಕೆ ಒಂದೊಂದು ಕೆಂದೋಳ. ಈಗಿನ ಹಾಗೇ ಆರು ಕಾಲು, ಈಗಿನ ಹಾಗೇ ಸುಟ್ಟ ಇಟ್ಟಿಗೆಯ ಬಣ್ಣ, ಮೊರದಷ್ಟು ದೊಡ್ಡ ಕಿವಿ. ಆದರೆ ದನಿ ಇತ್ತು. ಎಂಥ ದನಿ! ಒಂದು ದಿಬ್ಬದ ಮೇಲೆ ಕೂಗಿದರೆ ಇನ್ನೊಂದು ದಿಬ್ಬದ ಮರಳು ಜಾರುತ್ತಿತ್ತು. ಚಿಕ್ಕಪ್ಪ ಸೂರ್ಯ ಹಟ ಮಾಡಿ ಅತ್ತರೆ ಕೆಂದೋಳಗಳೇ ಹಾಡಿ ಮಲಗಿಸುತ್ತಿದ್ದವು.

ದನಿ ಇಲ್ಲದ್ದು ಗಾಳಿಗೆ. ಪಾಪ, ಹುಟ್ಟು ಮೂಕ. ಬರುತ್ತೇನೆ ಅಂತ ಹೇಳಲು ಬಾಯಿಲ್ಲ, ಹೋಗುತ್ತೇನೆ ಅಂತ ಹೇಳಲೂ ಬಾಯಿಲ್ಲ. ಬೆನ್ನಿಗೆ ಮರಳು ಬಡಿದ ಮೇಲೇ ಬಿರುಗಾಳಿ ಎದ್ದದ್ದು ಗೊತ್ತಾಗುತ್ತಿತ್ತು. ಬೇರೆಯವರ ಹತ್ತಿರ ಅದು ಮಾತಾಡಬೇಕೆಂದರೆ ಮರಳಿನ ಮೇಲೆ ಗೀರು ಎಳೆದು ತೋರಿಸುತ್ತಿತ್ತು. ಈಗಲೂ ಮರಳಿನ ಮೇಲೆ ಅಲೆಯಲೆಯಾಗಿ ಕಾಣುತ್ತದಲ್ಲ, ಅದು ಗಾಳಿ ಕಲಿತ ಮೊದಲ ಮಾತು.

ಹೀಗಿರುವಾಗ ನಮ್ಮ ಹಿರಿಯರು ಇನ್ನೊಂದು ಆಕಾಶದಿಂದ ಹಡಗಿನಲ್ಲಿ ಬಂದು ಬಿದ್ದರು. ಬಂದು ಇಳಿದರು ಅಂತ ಬೇರೆಯವರು ಹೇಳಬಹುದು. ಬಿದ್ದರು ಅನ್ನುವುದೇ ಸರಿ. ಹಡಗು ಮುರಿಯಿತು, ನೀರಿನ ಪೀಪಾಯಿ ಒಡೆಯಿತು. ನಾಲಗೆ ಒಣಗಿ ಹಪ್ಪಳವಾದ ಮೇಲೆ ಮರಳಿನ ಮೇಲೆ ಬಿದ್ದುಕೊಂಡು ಕೂಗಿದರು.

ಮರಳಿನ ಕೆಳಗೆ, ಯಾರ ಕಣ್ಣಿಗೂ ಬೀಳದೆ, ಒಳಹೊಳೆ ಹರಿಯುತ್ತಿದ್ದಳು. ಅವಳಿಗೆ ಕೂಗು ಕೇಳಿಸಿತು.

"ಯಾರದು ನನ್ನ ನೆತ್ತಿ ಮ್ಯಾಲ ಚೀರೋರು?"

"ನಾವು ಪರದೇಶಿಗಳು, ಹೊಳೆಯವ್ವ. ನೀರು ಕೊಡವ್ವ."

ಒಳಹೊಳೆ ಮೇಲೆದ್ದು ಬಂದಳು. ತೋಡಿದಲ್ಲಿ ಬಾವಿಯಾಗಿ ನಿಂತಳು. ಎಲ್ಲರೂ ಹೊಟ್ಟೆ ತುಂಬ ಕುಡಿದ ಮೇಲೆ ಹೇಳಿದಳು: "ನಿಮ್ಮ ಕರೆ ನನಗ ಕೇಳಿಸ್ತು, ಅದಕ್ಕ ಬಂದೆ. ನಾ ಇಲ್ಲೇ ಇರಬೇಕಂದ್ರ ಒಂದ ಮಾತು. ನಿಮ್ಮ ಬಾಗಲಾಗ ನಿಂತು ಯಾರ ಕರದ್ರೂ, ಆ ಕರೆ ನಿಮಗ ಕೇಳಿಸಿತೋ, ಕದ ತೆಗೀಬೇಕು. ತೆಗೀಲಿಲ್ಲೋ, ನಾ ಹೊಂಟೆ."

"ಕೇಳಿಸಿದ್ರ ತೆಗೀತೀವವ್ವ," ಅಂದರು ಎಲ್ಲರೂ. ನೀರು ಮುಟ್ಟಿ ಆಣೆ ಮಾಡಿದರು.

ಹಾಗೆ ಹುಟ್ಟಿದ್ದು ನಮ್ಮೂರು, ತಗ್ಗಿನಹಟ್ಟಿ. ನೆಲದೊಳಗೆ ತೋಡಿದ ಊರು. ಊರಿಗೆಲ್ಲ ಒಂದೇ ಬಾಗಿಲು. ಮುರಿದ ಹಡಗಿನ ಪಕ್ಕೆ ಕಿತ್ತು ಮಾಡಿದ ಕದ. ಅಂಥ ಕದ ಬೇರೆ ಯಾವ ಊರಿಗಿದೆ ಹೇಳಿ ನೋಡೋಣ! ಆನೆಗಾತ್ರದ ಬಂಡೆ ಬಂದು ಬಡಿದರೂ ಅಲ್ಲಾಡುವುದಿಲ್ಲ. ಹೊರಗಿನ ಕರೆ ಒಳಗೆ ಕೇಳಲಿ ಅಂತ ಅದರಲ್ಲಿ ಒಂದು ಸಣ್ಣ ತೂತು ಕೊರೆದರು. ಅದಕ್ಕೆ ಕಿವಿಗಂಡಿ ಅಂತ ಹೆಸರು. ಕಿವಿಗಂಡಿಯ ಪಕ್ಕದಲ್ಲಿ ಒಬ್ಬರು ಯಾವಾಗಲೂ ಕೂತಿರಬೇಕು. ಕರೆ ಕೇಳಿಸಿತೋ, ಕದ ತೆಗೆಯಬೇಕು.

ಆ ಕಾಲಕ್ಕೆ ಅಲ್ಲಿ ಕೂರುತ್ತಿದ್ದವಳು ಸಂಕವ್ವ. ಗಂಡ ಸತ್ತ ಹೆಂಗಸು. ಅವಳಿಗಿದ್ದದ್ದು ಒಬ್ಬಳೇ ಮಗಳು, ತುಂಗಿ.

ಊರಿನವರು ಹಗಲೆಲ್ಲ ಹೊರಗೆ ಹೋಗಿ ಮರಳು ಬಗೆದು ಗೆಡ್ಡೆ ಕೀಳುತ್ತಿದ್ದರು. ಗೆಡ್ಡೆ ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ, ಹಿಟ್ಟು ಮಾಡಿ ರೊಟ್ಟಿ ತಟ್ಟುತ್ತಿದ್ದರು. ಈಗ ನೀವು ತಿನ್ನುತ್ತೀರಲ್ಲ, ಅದೇ ರೊಟ್ಟಿ. ಕಷ್ಟ ಇದ್ದದ್ದು ಗಾಳಿಯಿಂದ. ಮೂಕ ಗಾಳಿ ಸದ್ದಿಲ್ಲದೆ ಎದ್ದರೆ ಮರಳು ಕವಿದು ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ದಾರಿ ತಪ್ಪಿದವನ ಮೂಳೆಯೂ ಸಿಗುತ್ತಿರಲಿಲ್ಲ.

ಆಗ ಕೆಂದೋಳಗಳು ತಾವಾಗಿ ಬಂದು ಹೇಳಿದವು: "ನಮಗ ನೀರಿಲ್ಲ. ನಿಮಗ ದಾರಿ ಇಲ್ಲ. ನೀವು ನೀರು ಹಾಕ್ರಿ, ನಾವು ದಾರಿ ತೋರಿಸ್ತೀವಿ."

ಬಾಗಿಲ ಹೊರಗೆ ಒಂದು ಕಲ್ಲಿನ ಬಾನಿ ಇಟ್ಟರು. ದಿನಾ ಅದರಲ್ಲಿ ನೀರು. ಬಿರುಗಾಳಿ ಎದ್ದಾಗ ಪ್ರತಿ ದಿಬ್ಬದ ಮೇಲೂ ಒಂದು ಕೆಂದೋಳ ನಿಂತು ಕೂಗುತ್ತಿತ್ತು: "ಇತ್ತ ಬಾ... ಇತ್ತ ಬಾಆಆ..." ಕಣ್ಣು ಮುಚ್ಚಿಕೊಂಡು ಆ ದನಿ ಹಿಡಿದು ನಡೆದರೆ ಸಾಕು. ಒಂದು ದನಿ ಮುಗಿಯುವಲ್ಲಿ ಇನ್ನೊಂದು ದನಿ. ದನಿಯಿಂದ ದನಿಗೆ, ದನಿಯಿಂದ ದನಿಗೆ, ಕೊನೆಗೆ ಬಾಗಿಲು.

ಕೊನೆಯ ಮನುಷ್ಯ ಒಳಗೆ ಸೇರಿದ ಮೇಲೆ ಕೆಂದೋಳಗಳೂ ಒಳಗೆ ಬರುತ್ತಿದ್ದವು. ಮೊದಲು ಜನ, ಆಮೇಲೆ ಕೆಂದೋಳ. ಅದು ಪದ್ಧತಿ. ಗಾಳಿ ನಿಲ್ಲುವ ತನಕ ಅವು ಒರಳುಗಳ ನಡುವೆ ಕಾಲು ಚಾಚಿ ಮಲಗುತ್ತಿದ್ದವು. ಮಕ್ಕಳು ಅವುಗಳ ಹೊಟ್ಟೆಗೆ ಒರಗಿ ನಿದ್ದೆ ಮಾಡುತ್ತಿದ್ದವು.

ಎಲ್ಲಕ್ಕಿಂತ ದೂರದ ದಿಬ್ಬದ ಕೆಂದೋಳದ ಹೆಸರು ಮೊರಗಿವಿ. ಸಂಕವ್ವ ಅವಳನ್ನು ಸೊಸೆ ಅಂತ ಕರೆಯುತ್ತಿದ್ದಳು. ಅವಳು ಸಂಕವ್ವನನ್ನು ಅತ್ತೆ ಅಂತ ಕರೆಯುತ್ತಿದ್ದಳು.

"ಬಂದ್ಲು ನೋಡ್ರೆವ್ವ ನನ್ನ ಸೊಸಿ, ಒಲಿ ಮುಂದ ಜಾಗಾ ಬಿಡ್ರಿ," ಅನ್ನುತ್ತಿದ್ದಳು ಸಂಕವ್ವ. "ಆರು ಕಾಲಿದ್ರೂ ಒಂದ ಕೊಡ ನೀರು ತರಾಕ ಬರಂಗಿಲ್ಲ ಇಕಿಗೆ. ಎಂಥಾ ಸೊಸಿ ಗಂಟ ಬಿದ್ಲೋ ನನಗ."

"ನಿಮ್ಮ ಹಟ್ಟಿ ಮಂದಿ ನಾತ ತಡಕೊಂಡು ಮಲಗತೀನಲ್ಲ ಅತ್ತಿ," ಅನ್ನುತ್ತಿದ್ದಳು ಮೊರಗಿವಿ. "ಅದಕ್ಕಿಂತ ಸೊಸಿ ಕೆಲಸ ಬ್ಯಾರೆ ಏನೈತಿ?"

ಎಲ್ಲರೂ ನಗುತ್ತಿದ್ದರು. ನಗು ಇತ್ತು ಆಗ ನಮ್ಮೂರಲ್ಲಿ.

ಒಂದು ವರ್ಷ ಮೊರಗಿವಿ ಮರಿ ಹಾಕಿದಳು. ಒಂದೇ ಮರಿ, ಹೆಣ್ಣು. ಗುಂಡಗೆ ಬೆಲ್ಲದ ಉಂಡೆಯ ಹಾಗಿತ್ತು. ತುಂಗಿ ಅದಕ್ಕೆ ಉಂಡಿ ಅಂತ ಹೆಸರಿಟ್ಟಳು. ಅದೇ ವರ್ಷ ಬಾವಿಯಲ್ಲಿ ನೀರು ಇಳಿಯಿತು. ಒಳಹೊಳೆ ಹೇಳಿದಳು: "ಬೆಟ್ಟದ ಕಡೆ ಹಿಮ ಕಡಿಮಿ ಆಗೈತಿ. ನಾನೂ ಬಡವಿ ಆಗೀನಿ. ಇದ್ದದ್ದರಾಗ ಹಂಚಿಕೊಂಡು ಕುಡೀರಿ."

ಇದ್ದದ್ದರಲ್ಲಿ ಹಂಚಿಕೊಂಡು. ನೆನಪಿಡಿ ಆ ಮಾತು.

ಒಂದು ದಿನ ಇಬ್ಬರು ಸೂರ್ಯರೂ ನೆತ್ತಿಯ ಮೇಲಿದ್ದಾಗ ಮೊರಗಿವಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಿ ಬಂದು ಬಾಗಿಲ ಮುಂದೆ ಇಳಿಸಿದಳು.

"ಅತ್ತಿ, ಕದ ತೆಗೀರಿ. ದೊಡ್ಡ ಗಾಳಿ ಬರಾಕತ್ತೈತಿ. ಇಂಥಾದ್ದ ನಾ ಕಂಡಿಲ್ಲ. ನನ್ನ ಕಿವಿ ಉರಿಯಾಕತ್ತಾವು."

ಸಂಕವ್ವ ಕದ ತೆಗೆದಳು. ಕರೆ ಕೇಳಿಸಿತ್ತು, ತೆಗೆದಳು.

"ಉಂಡಿನ್ನ ಈಗ್ಲೇ ಒಳಗ ತಗೋರಿ. ಇದರ ಕಾಲು ಇನ್ನಾ ಬಲಿತಿಲ್ಲ."

ಸಂಕವ್ವ ಮರಿಯನ್ನು ನೋಡಿದಳು. ಆಮೇಲೆ ಮರಳಿನ ಕಡೆ ನೋಡಿದಳು. "ತುಂಗಿ ಇನ್ನಾ ಬಂದಿಲ್ಲವ್ವ. ನಿನ್ನ ದಿಬ್ಬಾನೂ ದಾಟಿ ಹೋಗ್ಯಾಳ ಗೆಡ್ಡಿ ಹುಡಕ್ಕೋಂತ. ಅಲ್ಲಿಗೆ ನಿನ್ನ ದನಿ ಒಂದ ಮುಟ್ಟೋದು. ಹೋಗು ನಮ್ಮವ್ವ, ಬ್ಯಾಗ ಹೋಗು."

"ಹೋಗ್ತೀನಿ. ಮರಿ ಇಟಗೋರಿ."

"ಮೊದಲ ಮಂದಿ, ಆಮ್ಯಾಲ ಕೆಂದೋಳ. ಪದ್ಧತಿ ಐತಲ್ಲ. ಮಂದಿ ಎಲ್ಲಾ ಹೊರಗಿರುವಾಗ ನಿನ್ನ ಮರಿ ಒಳಗ ಬಿಟಗೊಂಡ್ರ ಊರಾಗಿನ ಹೆಂಗಸ್ರು ನನ್ನ ಬಿಡ್ತಾರೇನು? ತುಂಗಿ ಹೊಸ್ತಿಲಾ ತುಳೀಲಿ. ಆ ಗಳಿಗಿಗೆ ಈ ಕದ ನಿಂದು, ನಿನ್ನ ಮರೀದು. ನನ್ನ ಮಗಳಾಣಿ."

ಮೊರಗಿವಿ ಮರಿಯನ್ನು ಕಚ್ಚಿಕೊಂಡು ತಿರುಗಿ ಓಡಿದಳು.

ಗಾಳಿ ಎದ್ದಿತು. ಹಗಲು ಹೋಗಿ ಮಸಿ ಆಯಿತು. ದಿಬ್ಬದಿಂದ ದಿಬ್ಬಕ್ಕೆ ದನಿ ಎದ್ದಿತು: ಇತ್ತ ಬಾ... ಇತ್ತ ಬಾಆಆ... ಒಬ್ಬೊಬ್ಬರೇ ಬಂದರು. ಕಣ್ಣು ಮುಚ್ಚಿಕೊಂಡು, ಕೈ ಚಾಚಿಕೊಂಡು, ದನಿ ಹಿಡಿದು ಬಂದರು. ಎಲ್ಲರೂ ಬಂದರು, ತುಂಗಿ ಬರಲಿಲ್ಲ. ದೂರದ ದಿಬ್ಬದ ಮೇಲೆ ಮೊರಗಿವಿ ಮುಂಗಾಲುಗಳ ನಡುವೆ ಮರಿಯನ್ನು ಇಟ್ಟುಕೊಂಡು ಗಂಟಲು ಹರಿಯುವಂತೆ ಕೂಗಿದಳು. ಮರಳು ಬಾಯಿಗೆ ತುಂಬಿತು, ಉಗಿದು ಕೂಗಿದಳು. ಕೊನೆಗೆ ಮರಳಿನೊಳಗಿಂದ ತುಂಗಿ ತಡವರಿಸುತ್ತ ಬಂದು ಅವಳ ಕುತ್ತಿಗೆ ತಬ್ಬಿದಳು.

"ನನ್ನ ತಬ್ಬಿಕೋತ ನಿಂದ್ರಬ್ಯಾಡ. ಮುಂದಿನ ದನಿ ಹಿಡಿ, ಓಡು. ನಾವು ಹಿಂದ ಬರ್ತೀವಿ. ಇದರ ಕಾಲು ಸಣ್ಣವು."

ತುಂಗಿ ಓಡಿದಳು. ದನಿಯಿಂದ ದನಿಗೆ ಓಡಿದಳು. ಹೊಸ್ತಿಲು ತುಳಿದಳು. ಸಂಕವ್ವ ಮಗಳನ್ನು ಎದೆಗೆ ಅವುಚಿಕೊಂಡಳು, ಒಂದು ಕೈಯಲ್ಲಿ ಕದ ಎಳೆದು ಅಗಳಿ ಹಾಕಿದಳು.

"ಹಾಕಬ್ಯಾಡವ್ವ, ಮೊರಗಿವಿ ಬರಾಕತ್ತಾಳ. ಎಲ್ಲಾ ಬರಾಕತ್ತಾವು."

ಆಗ ಗೌಡ ಎದ್ದು ನಿಂತ. ಬಾಳನಗೌಡ. ಅಂಥ ಬುದ್ಧಿವಂತ ಗೌಡ ಬೇರೆ ಯಾವ ಊರಿಗೂ ಸಿಕ್ಕಿಲ್ಲ, ಇದನ್ನೂ ನೆನಪಿಡಿ. ಅವನು ನೀರಿನ ಗಡಿಗೆಗಳ ಮುಚ್ಚಳ ಎತ್ತಿ ಎತ್ತಿ ನೋಡಿದ್ದ.

"ಈ ಗಾಳಿ ಲಗೂನ ನಿಲ್ಲೂದಲ್ಲ. ಬಾವಿ ತಳಾ ಕಂಡೈತಿ. ಇರೋ ನೀರು ನಮ್ಮ ಮಕ್ಕಳಿಗೇ ಸಾಲವಲ್ದು. ಒಂದೊಂದ ಕೆಂದೋಳ ಒಂದೊಂದ ಕೊಡ ಕುಡೀತೈತಿ."

"ಗೌಡ್ರ, ಕರೆ ಕೇಳಿಸಿದ್ರ ಕದ ತೆಗೀಲೇಬೇಕಲ್ಲ," ಅಂದ ಒಬ್ಬ ಮುದುಕ. "ತೆಗೀಲಿಲ್ಲಂದ್ರ ಹೊಳೆಯವ್ವ ಹೋಗಿಬಿಡ್ತಾಳ. ಆಣಿ ಮಾಡೀವಿ."

"ಯಾರ್ ಇಲ್ಲಂದ್ರು? ಕೇಳಿಸಿದ್ರ ತೆಗೀಬೇಕು." ಗೌಡ ಗಡ್ಡ ಕೆರೆದುಕೊಂಡ. "ಕೇಳಿಸಲಿಲ್ಲಂದ್ರ?"

ಎಲ್ಲರೂ ಕಿವಿಗಂಡಿಯ ಕಡೆ ನೋಡಿದರು.

"ಕಿವಿಗಂಡಿ ಮುಚ್ಚಾಕ ನಾ ಹೇಳಾಂಗಿಲ್ಲ. ಅದು ತಪ್ಪು," ಅಂದ ಗೌಡ. "ಗೆಡ್ಡಿ ಬಾಳ ಬಂದಾವು ಇವತ್ತ. ಎಲ್ಲಾರೂ ಕೂಡಿ ಕುಟ್ಟೂಣು. ಹಾಡ್ಕೋತ ಕುಟ್ಟೂಣು. ಕೆಲಸ ಮಾಡೋದೇನ್ ಪಾಪ ಅಲ್ಲಲ್ಲ?"

ನಮ್ಮೂರಿನಷ್ಟು ಚೆನ್ನಾಗಿ ಗೆಡ್ಡೆ ಕುಟ್ಟುವವರು ಯಾರೂ ಇಲ್ಲ. ಆವತ್ತು ಕಲಿತದ್ದು. ಹೆಂಗಸರು ಒನಕೆ ಎತ್ತಿದರು. ಗಂಡಸರಿಗೆ ಒನಕೆ ಸಾಲದೆ ಹಡಗಿನ ತಗಡು ಬಡಿದರು. ದುಕ್ಕು ದುಕ್ಕು ದುಕ್ಕು. ಮಕ್ಕಳಿಗೆ ಚಪ್ಪಾಳೆ ಹೊಡೆಯಲು ಹೇಳಿದರು. ದುಕ್ಕು ದುಕ್ಕು ದುಕ್ಕು.

ಸಂಕವ್ವ ಕಿವಿಗಂಡಿಯ ಪಕ್ಕದಲ್ಲಿ ತನ್ನ ಜಾಗದಲ್ಲೇ ಕೂತಿದ್ದಳು. ಆಮೇಲೆ ಎದ್ದು ಬಂದು ತಾನೂ ಒಂದು ಒನಕೆ ಹಿಡಿದಳು. ಎಲ್ಲರಿಗಿಂತ ಜೋರಾಗಿ ಕುಟ್ಟಿದಳು. ಕರೆ ಕೇಳಿಸಿತು ಅಂತ ಅವಳು ಸಾಯುವ ತನಕ ಒಪ್ಪಿಕೊಳ್ಳಲಿಲ್ಲ. ಕೇಳಿಸದಿದ್ದರೆ ಜಾಗ ಬಿಟ್ಟು ಯಾಕೆ ಏಳುತ್ತಿದ್ದಳು? ಅದನ್ನು ಹೇಳಿ ನೋಡೋಣ.

ತುಂಗಿ ಅಗಳಿಗೆ ಕೈ ಹಾಕಿದಳು. ಸಂಕವ್ವನೇ ಅವಳನ್ನು ಎಳೆದು ಕೂರಿಸಿದಳು. "ನೀರು ನಿನಗ ಬೇಕಲೇ. ನಿನಗ." ತುಂಗಿ ಚೀರಿದಳು. ಒನಕೆಯ ಸದ್ದಿನಲ್ಲಿ ಅದೂ ಕೇಳಿಸಲಿಲ್ಲ.

ಹೊರಗೆ ಕೆಂದೋಳಗಳು ಒಂದೊಂದಾಗಿ ಬಂದು ಸೇರಿದ್ದವು. ಬದುಕಿನಲ್ಲಿ ಮೊದಲ ಸಲ ಎಲ್ಲ ದಿಬ್ಬದವೂ ಒಂದೇ ಕಡೆ ನಿಂತಿದ್ದವು.

"ಕದ ದಪ್ಪ ಐತಿ, ಅವರಿಗೆ ಕೇಳಿಸಿರಾಕಿಲ್ಲ," ಅಂತು ಒಂದು ಮುದಿ ಕೆಂದೋಳ. "ಇನ್ನಾ ಜೋರ್ ಕರೀರಿ."

ಕರೆದವು. ಇನ್ನೂ ಜೋರಾಗಿ ಕರೆದವು. ಮೊರಗಿವಿ ಕರೆದಳು: "ಅತ್ತೀ, ತುಂಗಿ ಬಂದ್ಲಲ್ಲ, ಕದ ತೆಗೀರೀಈ..." ಅವು ಜೋರಾಗಿ ಕರೆದಷ್ಟೂ ಒಳಗೆ ಜೋರಾಗಿ ಕುಟ್ಟಿದರು.

ಮೊರಗಿವಿ ತನ್ನ ಮೊರದಂಥ ಕಿವಿಯನ್ನು ಕಿವಿಗಂಡಿಗೆ ಹಚ್ಚಿದಳು. ಒನಕೆ ಕೇಳಿಸಿತು. ಹಾಡು ಕೇಳಿಸಿತು. ಹಾಡಿನ ಕೆಳಗೆ ತುಂಗಿಯ ಅಳು ಕೇಳಿಸಿತು. ಅವಳು ಕಿವಿ ತೆಗೆದಳು.

"ಕರೀಬ್ಯಾಡ್ರಿ," ಅಂದಳು. "ಕೇಳಸಾಕತ್ತೈತಿ ಅವರಿಗೆ. ಅದಕ್ಕ ಕುಟ್ಟಾಕತ್ತಾರ."

ಆಗ ಕೆಂದೋಳಗಳು ಭುಜಕ್ಕೆ ಭುಜ ಹಚ್ಚಿ ಸುತ್ತುಗಟ್ಟಿ ನಿಂತವು. ಬೆನ್ನು ಗಾಳಿಗೆ, ಮುಖ ಒಳಗೆ. ನಡುವೆ ಉಂಡಿ. ಹಾಗೆ ನಿಲ್ಲಲು ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅವ್ವಾ, ಅತ್ತಿ ಯಾಕ ಕದ ತೆಗೀವಲ್ಲಳು?" ಅಂತ ಉಂಡಿ ಕೇಳಿತು.

"ಕೆಲಸದಾಗ ಅದಾಳ, ಮಗಾ. ಮಕ್ಕೋ."

ಗಾಳಿ ಬಂದು ಅವುಗಳ ಕಾಲ ಬುಡದಲ್ಲಿ ಮರಳಿನ ಮೇಲೆ ಗೀರು ಎಳೆಯಿತು. ನಾನು ನಿಲ್ಲಲಾರೆ, ನಿಂತರೆ ಸಾಯುತ್ತೇನೆ, ಅಂತ ಬರೆಯಿತು. ನಿನ್ನ ಮರಿಯ ಮೇಲೆ ನನಗೆ ಸಿಟ್ಟಿಲ್ಲ, ಅಂತ ಬರೆಯಿತು.

"ನಿನ್ನ ನಿಲ್ಲಂತ ನಾ ಕೇಳೀನೇನು?" ಅಂದಳು ಮೊರಗಿವಿ. "ನೀ ಆಣಿ ಮಾಡಿಲ್ಲ. ನಿನ್ನ ಮ್ಯಾಲ ನನಗೂ ಸಿಟ್ಟಿಲ್ಲ."

ಮತ್ತೆ ಯಾರ ಮೇಲೆ, ಅಂತ ಗಾಳಿ ಕೇಳಲಿಲ್ಲ.

ಬಹಳ ಹೊತ್ತಾಯಿತು. ನಡುವೆ ಉಂಡಿಯ ಉಸಿರು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಆಮೇಲೆ ಅದರ ಮೈಮೇಲೆ ಬಿದ್ದ ಮರಳು ಅಲ್ಲಾಡದೆ ಹಾಗೇ ಕೂತಿತು.

ಮೊರಗಿವಿ ತಲೆ ಎತ್ತಿದಳು. "ಗಾಳಿ, ನಿನಗ ದನಿ ಬೇಕಲ್ಲ? ನಂದು ತಗೋ. ನಮ್ಮೆಲ್ಲಾರದೂ ತಗೋ. ಕರದ್ರ ಬರೋರು ಯಾರೂ ಇಲ್ಲಂದ ಮ್ಯಾಲ ಅದನ್ನ ಹೊತಗೊಂಡು ತಿರಗೋದ ಯಾಕ?"

ನಾನೇನು ಕೊಡಲಿ, ಅಂತ ಗಾಳಿ ಬರೆಯಿತು.

"ನಿನ್ನ ಮೂಕತನ ಕೊಡು. ಯಾರಿಗೂ ಕೇಳಿಸದಂಗ ಬರೋದು, ಯಾರಿಗೂ ಕೇಳಿಸದಂಗ ಹೋಗೋದು, ಅದು ನಮಗಿರಲಿ. ಇನ್ನೊಂದ ಮಾತು. ನೀ ಎದ್ದಾಗೊಮ್ಮೆ ಈ ಕದದ ಹಂತ್ಯಾಕ ಬಂದು ನನ್ನ ದನಿಲೇ ಕರೀಬೇಕು. ಒಂದ ಸಲಾನೂ ಬಿಡಬಾರದು."

ಗಾಳಿ ಒಪ್ಪಿತು. ಕೆಂದೋಳಗಳು ಬಾಯಿ ತೆರೆದವು. ಗಾಳಿ ಒಂದೊಂದರ ಬಾಯಿಗೂ ಮುಖ ಇಟ್ಟು ದನಿ ಹೀರಿಕೊಂಡಿತು. ಕೊನೆಗೆ ಮೊರಗಿವಿಯದು. ಆಮೇಲೆ ಗಾಳಿ ಬಾಯಿ ತೆರೆದು ಮೊದಲ ಸಲ ಅತ್ತಿತು.

ಬಿರುಗಾಳಿ ನಿಂತ ಮೇಲೆ ಬಾವಿಯೊಳಗಿಂದ ಒಳಹೊಳೆ ಕೇಳಿದಳು: "ಬಾಗಲಾಗ ಯಾರರ ಕರೆದ್ರೇನು?"

"ನಮಗ ಯಾವ ಕರೀನೂ ಕೇಳಿಸಲಿಲ್ಲವ್ವ," ಅಂದ ಗೌಡ.

"ಸಂಕವ್ವ, ಕಿವಿಗಂಡಿ ಹಂತ್ಯಾಕ ಕುಂತಿದ್ದಿ. ನಿನಗ ಕೇಳಿಸಿತೇನು?"

"ಇಲ್ಲವ್ವ."

ಒಳಹೊಳೆ ಅಂದಳು: "ಆಗ್ಲಿ. ಕೇಳಿಸಲಿಲ್ಲ ಅಂದ್ರ ಆಣಿ ಮುರಿದಿಲ್ಲ. ನಾ ಹೋಗಂಗಿಲ್ಲ. ಆದ್ರ ನಾನೂ ಹೆಣ್ಣು. ನನಗೂ ಗಂಟಲಾಗ ಏನೋ ಸಿಕ್ಕೊಂಡೈತಿ."

ಆವತ್ತಿನಿಂದ ನಮ್ಮ ಬಾವಿಯ ನೀರು ಕಹಿ. ನಾವು ಹುಟ್ಟಿದಾಗಿನಿಂದ ಕುಡಿದು ಅದನ್ನೇ ರುಚಿ ಅನ್ನುತ್ತೇವೆ. ಬೇರೆ ಊರಿನವರಿಗೆ ಕೊಟ್ಟು ನೋಡಿ, ಉಗಿಯುತ್ತಾರೆ.

ಕದ ತೆಗೆದರು. ಬಾಗಿಲ ಮುಂದೆ ಕೆಂದೋಳಗಳು ಭುಜಕ್ಕೆ ಭುಜ ಹಚ್ಚಿ ನಿಂತೇ ಇದ್ದವು. ಮೊಣಕಾಲ ಮಟ್ಟ ಮರಳು. ತುಂಗಿ ತನ್ನ ಪಾಲಿನ ನೀರನ್ನು ಬಟ್ಟಲಲ್ಲಿ ತಗೊಂಡು ಓಡಿದಳು. ಅವುಗಳ ಕಾಲ ಸಂದಿಯಲ್ಲಿ ನುಸುಳಿ ಉಂಡಿಯ ಬಾಯಿಗೆ ಹನಿಸಿದಳು. ನೀರು ಮೂತಿಯ ಮೇಲಿಂದ ಇಳಿದು ಮರಳಿಗೆ ಹೋಯಿತು.

ಮೊರಗಿವಿ ತುಂಗಿಯ ತಲೆಯನ್ನು ಒಂದು ಸಲ ಮೂಸಿದಳು. ಬಾಗಿಲಲ್ಲಿ ನಿಂತ ಸಂಕವ್ವನನ್ನು ನೋಡಿದಳು. ಬೊಗಳಲಿಲ್ಲ, ಬೈಯಲಿಲ್ಲ, ಹಲ್ಲು ತೋರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಲಿನ ಬಾನಿಯ ಕಡೆ ತಿರುಗಿಯೂ ನೋಡದೆ ಕೆಂದೋಳಗಳು ಹೊರಟವು. ತಮ್ಮ ತಮ್ಮ ದಿಬ್ಬಕ್ಕೆ ಅಲ್ಲ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಹಿಂಡಾಗಿ. ಮರಳಿನ ಮೇಲೆ ಅಷ್ಟೊಂದು ಕಾಲು ಬಿದ್ದರೂ ಒಂದು ಸದ್ದು ಬರಲಿಲ್ಲ.

"ಪೀಡಾ ಹೋತು," ಅಂದ ಗೌಡ. "ನೀರು ಉಳೀತು."

ಮತ್ತೆ ಗಾಳಿ ಎದ್ದಿತು. ಈ ಸಲ ಮೂಕ ಗಾಳಿ ಅಲ್ಲ. ಕದದ ಹತ್ತಿರ ಬಂದು ಮೊರಗಿವಿಯ ದನಿಯಲ್ಲೇ ಕರೆಯಿತು: "ಅತ್ತೀ... ಕದ ತೆಗೀರೀಈ..." ಊರಿನವರಿಗೆ ಎದೆ ಒಡೆಯಿತು. ಕರೆ ಕೇಳಿಸಿತೋ, ಕದ ತೆಗೆಯಬೇಕು. ತೆಗೆದರೆ ಊರೆಲ್ಲ ಮರಳು. ತೆಗೆಯದಿದ್ದರೆ ಹೊಳೆ ಹೋಗುತ್ತಾಳೆ.

"ಕುಟ್ರಿ," ಅಂದ ಗೌಡ.

ಕುಟ್ಟಿದರು. ಗಾಳಿ ಎದ್ದಾಗೆಲ್ಲ ಕುಟ್ಟಿದರು. ಹಸಿವಿರಲಿ ಇಲ್ಲದಿರಲಿ, ಗೆಡ್ಡೆ ಇರಲಿ ಬರಿ ಒರಳಿರಲಿ, ಕುಟ್ಟಿದರು. ಅದೇ ಪದ್ಧತಿ ಆಯಿತು.

ಸಂಕವ್ವನಿಗೆ ಕಿವಿಗಂಡಿಯ ಪಕ್ಕ ಕೂರಲು ಆಗಲಿಲ್ಲ. "ಈ ಕೆಲಸ ನೀ ಮಾಡವ್ವ," ಅಂತ ಮಗಳನ್ನು ಕೂರಿಸಿದಳು. ತಾನು ಮಂಕರಿ ಹೊತ್ತು ಗೆಡ್ಡೆ ಕೀಳಲು ಹೊರಗೆ ಹೋಗತೊಡಗಿದಳು. ದೂರ ದೂರ ಹೋಗುತ್ತಿದ್ದಳು, ಮೊರಗಿವಿಯ ದಿಬ್ಬ ಇದ್ದ ಕಡೆಗೆ. ಗೆಡ್ಡೆ ಹತ್ತಿರವೂ ಸಿಗುತ್ತಿತ್ತು. ಆದರೂ ಅಲ್ಲಿಗೇ ಹೋಗುತ್ತಿದ್ದಳು.

ಹಾಗೆ ಹೋದ ಒಂದು ದಿನ ಗಾಳಿ ಎದ್ದಿತು. ಉಳಿದವರು ಹತ್ತಿರದಲ್ಲಿದ್ದರು, ಓಡಿ ಬಂದು ಒಳಗೆ ಸೇರಿದರು, ಒನಕೆ ಹಿಡಿದರು. ಸಂಕವ್ವ ಮರಳಿನಲ್ಲಿ ಒಬ್ಬಳೇ ಉಳಿದಳು.

"ಇತ್ತ ಬಾ... ಇತ್ತ ಬಾಆಆ..." ದನಿ ಕೇಳಿಸಿತು. ಸಂಕವ್ವನಿಗೆ ಅಳು ಬಂತು. "ಬಂದೆ ಸೊಸಿ, ಬಂದೆ," ಅಂತ ಕಣ್ಣು ಮುಚ್ಚಿಕೊಂಡು ಅತ್ತ ನಡೆದಳು. ದನಿ ಇನ್ನೊಂದು ದಿಕ್ಕಿನಿಂದ ಬಂತು. ತಿರುಗಿ ನಡೆದಳು. ಮತ್ತೊಂದು ದಿಕ್ಕಿನಿಂದ ಬಂತು. ಎಲ್ಲ ದಿಕ್ಕಿನಲ್ಲೂ ಅದೇ ದನಿ. ಗಾಳಿಗೆ ದಿಬ್ಬ ಎಲ್ಲಿದೆ? ಅಲೆದು ಅಲೆದು, ಬಿದ್ದು ಎದ್ದು, ಕೊನೆಗೆ ಹೇಗೋ ಅವಳ ಕೈ ತಣ್ಣಗಿನ ಕಲ್ಲಿಗೆ ತಗುಲಿತು. ಒಣಗಿದ ಬಾನಿ. ಅದರಾಚೆಗೆ ಕದ.

"ತುಂಗೀ! ನಾನಲೇ, ನಿಮ್ಮವ್ವ! ಕದ ತೆಗೀ!"

ಒಳಗೆ ದುಕ್ಕು ದುಕ್ಕು ದುಕ್ಕು.

ತುಂಗಿ ಒನಕೆ ನಿಲ್ಲಿಸಿದಳು. "ಅವ್ವ ಕರದಂಗಾತು."

"ಗಾಳಿ ಅದು," ಅಂದ ಗೌಡ. "ಕುಟ್ಟು."

ತುಂಗಿ ಕೇಳಲಿಲ್ಲ. ಅಗಳಿಯ ಮೇಲೆ ಕೈ ಇಟ್ಟು, ಕಿವಿಗಂಡಿಗೆ ಕಿವಿ ಹಚ್ಚಿದಳು. ಎರಡು ದನಿ ಇತ್ತು. ಒಂದು ಕದ ತೆಗಿ ಅನ್ನುತ್ತಿತ್ತು. ಇನ್ನೊಂದೂ ಕದ ತೆಗಿ ಅನ್ನುತ್ತಿತ್ತು. ಒನಕೆಯ ಸದ್ದಿನಲ್ಲಿ ಅವ್ವನ ದನಿ ಯಾವುದು, ಗಾಳಿಯ ದನಿ ಯಾವುದು ಅವಳಿಗೆ ಗೊತ್ತಾಗಲಿಲ್ಲ. ಎರಡೂ ಅಳುತ್ತಿದ್ದವು.

ಹೊರಗೆ ಸಂಕವ್ವನಿಗೆ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ತಿರುಗಿದಳು. ಕೆಂದೋಳಗಳು. ಒಂದು ಸದ್ದಿಲ್ಲದೆ ಬಂದು, ಭುಜಕ್ಕೆ ಭುಜ ಹಚ್ಚಿ, ಸುತ್ತಲೂ ನಿಂತಿದ್ದವು. ಮುಖ ಒಳಗೆ. ನಡುವೆ ಸಂಕವ್ವ.

ಅವಳು ಮೊರದಂಥ ಕಿವಿಯನ್ನು ಗುರುತು ಹಿಡಿದಳು. ಕೈ ಮುಗಿದಳು.

"ಸೊಸಿ, ನೀ ಒಂದ ಸಲ ಕೂಗವ್ವ. ತುಂಗಿಗೆ ನಿನ್ನ ಗುರುತೈತಿ. ನೀ ಇಲ್ಲಿ ಇದ್ದಿ ಅಂತ ತಿಳಿದ್ರ ಆಕಿ ಖರೇನ ತೆಗೀತಾಳ. ಒಂದ ಸಲ ಕೂಗು."

ಮೊರಗಿವಿ ಬಾಯಿ ತೆರೆದಳು. ಖರೇ, ತೆರೆದಳು. ಒಳಗೆ ಅಂಗೈ ಅಗಲದ ನಾಲಗೆ ಇತ್ತು. ಅಷ್ಟೇ ಇತ್ತು. ಬಾಯಿ ಮುಚ್ಚಿದಳು.

ಸುತ್ತು ಸಣ್ಣದಾಯಿತು.

ಒಳಗೆ ತುಂಗಿ ಕಿವಿ ಹಚ್ಚಿಕೊಂಡೇ ಇದ್ದಳು. ಎರಡು ದನಿಯಲ್ಲಿ ಒಂದು ನಿಂತಿತು. ಅವಳಿಗೆ ಜೀವ ಬಂದ ಹಾಗಾಯಿತು. ನಿಂತದ್ದು ಗಾಳಿ, ಉಳಿದದ್ದು ಅವ್ವ ಅಂದುಕೊಂಡು ಅಗಳಿ ಸರಿಸಿ ಕದ ತೆರೆದಳು.

ಗಾಳಿ ಅವಳ ಮುಖಕ್ಕೆ ಮರಳು ಎರಚಿ, ಮೊರಗಿವಿಯ ದನಿಯಲ್ಲಿ, "ಕದ ತೆಗೀರೀಈ..." ಅಂತ ಅತ್ತಿತು. ಹೊಸ್ತಿಲಾಚೆಗೆ ಮಂಕರಿ ಬಿದ್ದಿತ್ತು. ಮಂಕರಿಯ ಸುತ್ತ ಹೆಜ್ಜೆಗಳ ಒಂದು ದೊಡ್ಡ ಸುತ್ತು. ಗಾಳಿ ಅದನ್ನೂ ಅಳಿಸುತ್ತಿತ್ತು.

ಆಮೇಲೆ ಎಷ್ಟೋ ಗೌಡರು ಬಂದರು, ಹೋದರು. ನಮ್ಮ ಕದ ಇವತ್ತಿಗೂ ಗಟ್ಟಿ. ಕಿವಿಗಂಡಿಯೂ ಇದೆ, ಅದನ್ನು ಯಾರೂ ಮುಚ್ಚಿಲ್ಲ. ಕೊಟ್ಟ ಮಾತಿಗೆ ತಪ್ಪಿದ ಊರು ಅಂತ ನಮ್ಮನ್ನು ಯಾರೂ ಅನ್ನುವ ಹಾಗಿಲ್ಲ.

ಅದಕ್ಕೇ ಮರಿಗಳಾ, ಬಿರುಗಾಳಿ ಎದ್ದ ದಿನ ಗಾಳಿ ನಮ್ಮ ಬಾಗಿಲಲ್ಲಿ ನಿಂತು ಹೆಂಗಸಿನ ಹಾಗೆ ಅಳುತ್ತದೆ, ನಾವು ಹಸಿವಿಲ್ಲದಿದ್ದರೂ ಒನಕೆ ಹಿಡಿದು ಕುಟ್ಟುತ್ತೇವೆ, ಮತ್ತು ಹೊರಗೆ ಕೆಂದೋಳಗಳು ಭುಜಕ್ಕೆ ಭುಜ ಹಚ್ಚಿ, ನಡುವೆ ಒಂದು ಮರಿ ಮಲಗುವಷ್ಟು ಜಾಗ ಬಿಟ್ಟು, ಯಾರನ್ನೂ ಕರೆಯದೆ ಕಾಯುತ್ತವೆ.